ಕಡೆಯ ಎಲೆಯಿಂದ ಪಾಯಸ

ನಮ್ಮ ಶಾಲೆಯ ಪಿ.ಟಿ. ಮಾಸ್ಟ್ರು ಯಾವ ಮದುವೆಗೆ ಹೋದರೂ ಮದುಮಕ್ಕಳ ಮುಖ ನೋಡಿದ್ದನ್ನು ನಾನು ಕಂಡಿಲ್ಲ. ಬಸ್ಸಿಳಿದವರೇ ಚಪ್ಪರದ ಹಿಂದಿನ ಅಡುಗೆ ಶೆಡ್ಡಿಗೆ ಹೋಗುವುದು, ಹೆಗಲ ಮೇಲಿನ ಬೈರಾಸನ್ನು ತೆಗೆದು ಸೊಂಟಕ್ಕೆ ಬಿಗಿಯುವುದು, ಸಾಂಬಾರಿನ ಪಾತ್ರೆಗೆ ಬಗ್ಗಿ ಮೂಸುವುದು, ಆಮೇಲೆ ಅಡುಗೆಯವರ ಕಡೆ ತಿರುಗಿ "ಎಷ್ಟು ಎಲೆ?" ಎಂದು ಕೇಳುವುದು. ಮದುಮಗಳು ಯಾರ ಮಗಳು, ಮದುಮಗನಿಗೆ ಏನು ಕೆಲಸ, ಅದೆಲ್ಲ ಅವರಿಗೆ ಬೇಕಾಗಿರಲಿಲ್ಲ. ಎಷ್ಟು ಎಲೆ ಎಂದು ಗೊತ್ತಾದರೆ ಮದುವೆ ಪೂರ್ತಿ ಗೊತ್ತಾದ ಹಾಗೆ.

ನಮ್ಮ ಕಡೆ ಊಟ ಬಡಿಸುವ ಕೆಲಸವನ್ನು ಸುಧಾರಿಕೆ ಎನ್ನುತ್ತಾರೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಆಚೆ ಮೂಡುಬಿದಿರೆಯ ಮದುವೆ ಹಾಲ್‌ಗಳವರೆಗೆ, ರಜೆಯ ತಿಂಗಳುಗಳಲ್ಲಿ ಅವರು ಸುಧಾರಿಕೆಗೆ ನಿಲ್ಲದ ದಿನ ಅಪರೂಪ. ಇದು ಸಂಬಳವಿಲ್ಲದ, ಹೆಸರಿಲ್ಲದ, ಕಾಲು ನೋಯುವ ಕೆಲಸ. ಒಮ್ಮೆ ಒಂದು ಮನೆಯವರು ಪ್ರೀತಿಯಿಂದ ಆಮಂತ್ರಣ ಪತ್ರಿಕೆಯ ಕೆಳಗೆ ಅವರ ಹೆಸರು ಅಚ್ಚು ಹಾಕಿಸಿದ್ದಕ್ಕೆ, "ಹೆಸರು ಹಾಕಿದರೆ ನಾನು ನೆಂಟ ಆಗ್ತೇನೆ, ನೆಂಟ ಬಡಿಸ್ಲಿಕ್ಕೆ ಆಗ್ತದಾ?" ಎಂದು ಆ ಮದುವೆಗೆ ಹೋಗಿ ಸುಮ್ಮನೆ ಕೈಕಟ್ಟಿ ಕುಳಿತರು. ಅವತ್ತು ಮೊದಲ ಪಂಕ್ತಿಯಲ್ಲೇ ಅನ್ನ ಸಾಲದೆ ಹೋಯಿತು. ಎರಡನೆಯ ಪಂಕ್ತಿಗೆ ಮನೆಯ ಯಜಮಾನರೇ ಬಂದು ಕೈಮುಗಿದರು, ಇವರು ಬೈರಾಸು ಬಿಗಿದರು. ಅದಕ್ಕಾಗಿ ಇಲ್ಲಿಯೂ ನಾನು ಅವರ ಹೆಸರು ಬರೆಯುವುದಿಲ್ಲ. ಎಲ್ಲಿದ್ದರೂ ಕೈಕಟ್ಟಿ ಕುಳಿತುಬಿಟ್ಟಾರು ಎಂಬ ಹೆದರಿಕೆ.

ನಾನು ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಅವರಿಗಿಂತ ಏಳೆಂಟು ವರ್ಷ ಚಿಕ್ಕವನು. ಅವರು ನನ್ನನ್ನು ಮಾಸ್ಟ್ರೇ ಎನ್ನುತ್ತಿದ್ದರು, ನಾನೂ ಅವರನ್ನು ಮಾಸ್ಟ್ರೇ ಎನ್ನುತ್ತಿದ್ದೆ. ಸ್ಟಾಫ್‌ರೂಮಿನಲ್ಲಿ ಯಾರಾದರೂ ಮಾಸ್ಟ್ರೇ ಎಂದು ಕರೆದರೆ ಇಬ್ಬರೂ ಏಳುತ್ತಿದ್ದೆವು. ವ್ಯತ್ಯಾಸ ಏನೆಂದರೆ, ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅವರ ಸಿಟ್ಟು ಎಲ್ಲಿತ್ತೋ, ಹುಡುಕಿದರೂ ಸಿಕ್ಕುತ್ತಿರಲಿಲ್ಲ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದರೂ ಅದನ್ನು ಊದಿದ್ದು ಕಡಿಮೆ. "ಊದಿದರೆ ಎಲ್ಲರೂ ತಿರುಗಿ ನೋಡ್ತಾರೆ ಮಾಸ್ಟ್ರೇ, ತಪ್ಪು ಮಾಡಿದವ ಮಾತ್ರ ನೋಡುವುದಿಲ್ಲ" ಎನ್ನುತ್ತಿದ್ದರು.

ಅವರ ಸುಧಾರಿಕೆಯಲ್ಲಿ ಒಂದು ವಿಶೇಷ ಕ್ರಮವಿತ್ತು. ಅನ್ನ, ಸಾರು, ಪಲ್ಯ ಎಲ್ಲ ಎಲ್ಲರ ಹಾಗೆ ಪಂಕ್ತಿಯ ತಲೆಯಿಂದ ಬಡಿಸಿಕೊಂಡು ಬರಬೇಕು. ಆದರೆ ಪಾಯಸ ಮಾತ್ರ ಕಡೆಯ ಎಲೆಯಿಂದ. ಪಂಕ್ತಿಯ ಕಡೆ ಎಂದರೆ ಸಾಮಾನ್ಯವಾಗಿ ಕೈತೊಳೆಯುವ ಜಾಗದ ಹತ್ತಿರ. ಅಲ್ಲಿ ಜೀಪಿನ ಡ್ರೈವರು, ಡೋಲಿನವರು, ಕರೆಯದೆ ಬಂದವರು, ಕರೆದರೂ ಸಂಕೋಚಪಟ್ಟವರು ಕೂತಿರುತ್ತಾರೆ. ಬಿಸಿ ಪಾಯಸ ತುಂಬಿದ ಬಾಲ್ದಿ ಹಿಡಿದು ಇವರು ತಲೆಯ ಕಡೆ ಕುಳಿತ ದೊಡ್ಡವರನ್ನೆಲ್ಲ ದಾಟಿ, ಮೊದಲು ಅಲ್ಲಿಗೇ ಹೋಗುತ್ತಿದ್ದರು. ದೊಡ್ಡವರು ಸೌಟು ಇನ್ನೇನು ಬಂತು ಎಂದು ಕೈ ಹಿಂದಕ್ಕೆ ತೆಗೆದರೆ, ಬಾಲ್ದಿ ಮುಂದೆ ಹೋಗಿಬಿಟ್ಟಿರುತ್ತಿತ್ತು. ಕೇಳಿದರೆ, "ತಲೆಯವರಿಗೆ ಎಲ್ಲ ಬಿಸಿಬಿಸಿ, ಕಡೆಯವರಿಗೆ ಬಾಲ್ದಿಯ ತಳ. ಒಂದು ಐಟಮ್ ಆದರೂ ತಿರುಗಿಸಿ ಹಾಕುವ, ಸರಾಸರಿ ಸರಿಯಾಗ್ತದೆ. ನೀವು ಗಣಿತದವರಲ್ವಾ, ಹೇಳಿ" ಎನ್ನುತ್ತಿದ್ದರು. ಲೆಕ್ಕ ಸರಿ ಇದೆ ಎಂದು ನಾನೂ ಒಪ್ಪಿದ್ದೆ. ಅದು ಲೆಕ್ಕ ಎಂದೇ ಬಹಳ ವರ್ಷ ನಂಬಿದ್ದೆ.

ಶಾಲೆಯಲ್ಲೂ ಇದೇ ಕ್ರಮ. ಸ್ವಾತಂತ್ರ್ಯ ದಿನದ ಲಾಡು ಹಿಂದಿನ ಸಾಲಿನಿಂದ ಶುರುವಾಗಿ ವೇದಿಕೆಗೆ ಕೊನೆಯಲ್ಲಿ ಬರಬೇಕು. ಒಂದು ವರ್ಷ ಲಾಡು ಸರಿಯಾಗಿ ವೇದಿಕೆಯ ಮೆಟ್ಟಿಲ ಹತ್ತಿರ ಮುಗಿಯಿತು. ಮುಖ್ಯ ಅತಿಥಿಗಳು ಖಾಲಿ ತಟ್ಟೆ ನೋಡಿದರು, ಹೆಡ್‌ಮಾಸ್ಟ್ರು ಇವರನ್ನು ನೋಡಿದರು. ಇವರು ನಿಧಾನವಾಗಿ ಹೆಡ್‌ಮಾಸ್ಟ್ರ ಕಿವಿಯಲ್ಲಿ, "ಅತಿಥಿಗಳಿಗೆ ಸಕ್ಕರೆ ಕಾಯಿಲೆ ಉಂಟು ಸರ್, ನಾನು ಮೊದಲೇ ವಿಚಾರಿಸಿದ್ದೇನೆ" ಎಂದರು. ವಿಚಾರಿಸಿದ್ದು ನಿಜವೇ ಆಗಿತ್ತು. ಯಾರಿಗೆ ಏನು ಆಗುವುದಿಲ್ಲ, ಯಾರು ಸಿಹಿ ಮುಟ್ಟುವುದಿಲ್ಲ, ಯಾರು ಬೇಡ ಬೇಡ ಎಂದು ಮೂರು ಸಲ ಹಾಕಿಸಿಕೊಳ್ಳುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಇಪ್ಪತ್ತು ವರ್ಷ ಹಿಂದಿನ ಮದುವೆಯಲ್ಲಿ ಮಜ್ಜಿಗೆಹುಳಿಯಂಥ ಮೇಲಾರಕ್ಕೆ ಉಪ್ಪು ಎಷ್ಟು ಹೆಚ್ಚಾಗಿತ್ತು ಎಂಬುದನ್ನೂ ಮರೆತವರಲ್ಲ.

ಬಡಿಸಿ ಮುಗಿದ ಮೇಲೆ ಕೈಗಳನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡು ಪಂಕ್ತಿಯ ನಡುವೆ ಒಂದು ಸುತ್ತು ಬರುತ್ತಿದ್ದರು. ಪ್ರತಿ ಎಲೆಯ ಎದುರು ಒಂದು ಕ್ಷಣ ನಿಂತು, ತಲೆ ತುಸು ಬಗ್ಗಿಸಿ, "ಸಾವಕಾಶ ಆಗಲಿ" ಎನ್ನುತ್ತಿದ್ದರು. ಇದು ನಮ್ಮಲ್ಲಿ ಮನೆಯ ಯಜಮಾನ ಹೇಳುವ ಮಾತು, ಅವಸರ ಬೇಡ, ಬೇಕಾದ್ದು ಕೇಳಿ, ಹೊಟ್ಟೆ ತುಂಬ ಉಣ್ಣಿ ಎಂದು. ಹೇಳಬೇಕಲ್ಲ ಎಂದು ಹೇಳಿ ಹೋಗುವವರೇ ಹೆಚ್ಚು. ಇವರು ಹೇಳಿದರೆ ನನಗಂತೂ ಇನ್ನೆರಡು ತುತ್ತು ಹೆಚ್ಚು ಹೋಗುತ್ತಿತ್ತು. ಕಡೆಯವನು ಕೈತೊಳೆಯುವವರೆಗೆ ಅವರು ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ.

ಕಲ್ಲಡ್ಕದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ, ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿಯೊಬ್ಬರು ನಮ್ಮಿಬ್ಬರಿಗೂ ಸ್ನೇಹಿತರು. ಅವರ ಮಗ ಗಲ್ಫಿನಿಂದ ಬಂದು ಮದುವೆಯಾದಾಗ ನಾವಿಬ್ಬರೂ ಹೋಗಿದ್ದೆವು. ಅಲ್ಲಿ ದೊಡ್ಡ ತಟ್ಟೆಯ ಸುತ್ತ ಆರಾರು ಜನ ಕೂತು ಒಟ್ಟಿಗೆ ಉಣ್ಣುವುದು. ಮಾಸ್ಟ್ರು ಬೈರಾಸು ಬಿಗಿದವರು ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದೆ ಸೌಟು ಹಿಡಿದು ನಿಂತೇ ಬಿಟ್ಟರು. ಬ್ಯಾರಿಯವರು ನಗುತ್ತಾ ಅವರನ್ನು ಎಳೆದು ಒಂದು ತಟ್ಟೆಯ ಬಳಿ ಕೂರಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ, "ಇವರದ್ದೇ ಚಂದ ಮಾರಾಯ್ರೆ. ದುಂಡಗಿನ ತಟ್ಟೆಗೆ ತಲೆಯೂ ಇಲ್ಲ, ಕಡೆಯೂ ಇಲ್ಲ" ಎಂದರು. ಅವರು ಸುಧಾರಿಕೆ ಮಾಡದೆ ಉಂಡ ಒಂದೇ ಮದುವೆ ಅದು ಎಂದು ಕಾಣುತ್ತದೆ.

ನನ್ನ ಅಕ್ಕನ ಮಗಳ ಮದುವೆ ಕಲ್ಲಡ್ಕದ ಹತ್ತಿರದ ನಮ್ಮ ಮನೆಯ ಅಂಗಳದಲ್ಲೇ ನಡೆಯಿತು. ಭಾವ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಎಲ್ಲ ಜವಾಬ್ದಾರಿ ನನ್ನ ತಲೆಯ ಮೇಲೆ, ನನ್ನ ತಲೆಯೋ ಬಿಸಿ. ಮಾಸ್ಟ್ರು ಬಂದು ಎಲೆ ಎಷ್ಟೆಂದು ಕೇಳಿದ ಮೇಲೆ ಮನೆಗೆ ಉಸಿರು ಬಂತು. ಎಲ್ಲ ಮುಗಿದು, ಬಡಿಸಿದವರು ಒಳಗೆ ಸಾಲಾಗಿ ಊಟಕ್ಕೆ ಕೂತಾಗ ಇವರು ಕಾಣಲಿಲ್ಲ. ಹುಡುಕಿದರೆ, ದನದ ಹಟ್ಟಿಯ ಬದಿಯಲ್ಲಿ, ಗೋಡೆಗೆ ಒರಗಿ, ಒಬ್ಬರೇ ಎಲೆ ಹಾಕಿಕೊಂಡು ಉಣ್ಣುತ್ತಿದ್ದರು. ಎಲೆಯ ತುಂಬ ಪಾಯಸ.

"ಎಂತ ಮಾಸ್ಟ್ರೇ, ಒಳಗೆ ಫ್ಯಾನ್ ಉಂಟು, ಇಲ್ಲಿ ಕೂತದ್ದು?" ಎಂದೆ.

"ಇಲ್ಲಿ ಗಾಳಿ ಉಂಟು" ಎಂದರು.

"ಹಟ್ಟಿಯ ಬದಿಯಲ್ಲಿ ಎಂತ ಗಾಳಿ ಮಾರಾಯ್ರೆ, ಗಂಜಳದ ವಾಸನೆ" ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ತಮಾಷೆ ಮಾಡಿದೆ. ಅವರೂ ನಕ್ಕರು. ಅಕ್ಕ ಮಾತ್ರ ಒಳಗಿನಿಂದ ಇನ್ನೊಂದು ಸೌಟು ಪಾಯಸ ತಂದು ಅವರ ಎಲೆಗೆ ಹಾಕಿದಳು.

ಅವರು ನಿವೃತ್ತರಾದ ಮರುವರ್ಷ, ಎರಡು ಸಾವಿರದ ಈಚೆಗೆ, ನಮ್ಮ ತಾಲೂಕಿನ ಕೆಲವು ಮಾಸ್ಟ್ರುಗಳು, ಟೀಚರುಗಳು, ಅವರ ಮನೆಯವರು ಸೇರಿ ಇಪ್ಪತ್ತೆರಡು ಜನ ಸಿಂಗಾಪುರಕ್ಕೆ ಹೊರಟೆವು. ಮಂಗಳೂರಿನ ಟೂರಿನವರೊಬ್ಬರು ಕರೆದುಕೊಂಡು ಹೋದದ್ದು. ಮಾಸ್ಟ್ರ ಹೆಂಡತಿಗೆ ಮಂಡಿನೋವು, ಅವರು ಬರಲಿಲ್ಲ. ನಾನು ಅಕ್ಕನನ್ನು ಹೊರಡಿಸಿದೆ. ಧರ್ಮಸ್ಥಳ ಬಿಟ್ಟು ದೂರ ಹೋದವಳಲ್ಲ ಅವಳು. ಭಾವ ಹೋದ ಮೇಲೆ ಉಜಿರೆಯ ಬಸ್ಸು ಹತ್ತುವುದೂ ಕಡಿಮೆಯಾಗಿತ್ತು. ಬೇಡ ಬೇಡ ಎಂದವಳು ಕೊನೆಗೆ ಎರಡು ಹೊಸ ಸೀರೆ ತೆಗೆಸಿಕೊಂಡು, ಒಂದು ಡಬ್ಬಿ ಅವಲಕ್ಕಿ ಕಟ್ಟಿಕೊಂಡು ಹೊರಟಳು. ಮಾಸ್ಟ್ರು ಅಲ್ಲಿಯೂ ಬಿಳಿ ಪಂಚೆ, ಹೆಗಲಲ್ಲಿ ಬೈರಾಸು, ಕೊರಳಲ್ಲಿ ಸೀಟಿ. ವಿಮಾನದಲ್ಲಿ ಊಟ ಕೊಡಲು ಬಂದವಳು ಮುಂದಿನ ಸೀಟಿನಿಂದ ಶುರು ಮಾಡಿದ್ದನ್ನು ನೋಡಿ, "ನೋಡಿ, ಕಡೆಯವರಿಗೆ ಎಂತ ಉಳಿಯುತ್ತದೆ ಎಂದು" ಎಂದು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು.

ಹೋಟೆಲು ದೊಡ್ಡದೇ ಇತ್ತು. ಬೆಳಗ್ಗಿನ ತಿಂಡಿ ಬಾಡಿಗೆಯಲ್ಲೇ ಸೇರಿದ್ದು. ಮೊದಲ ದಿನ ನಮ್ಮನ್ನು ನೆಲಮಾಳಿಗೆಗೆ ಕಳಿಸಿದರು. ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ, ಬಟ್ಟೆ ಒಗೆಯುವ ಕೋಣೆಯ ಆಚೆ, ಕಿಟಕಿ ಇಲ್ಲದ ಒಂದು ಹಾಲ್. ಬಾಗಿಲಿಗೆ ‘ಗ್ರೂಪ್’ ಎಂದು ಬರೆದ ಕಾಗದ. ಬ್ರೆಡ್ಡು, ತಣ್ಣಗಾದ ಮೊಟ್ಟೆ, ಕಿತ್ತಳೆ ಬಣ್ಣದ ನೀರು. ಸಾಬೂನಿನ ವಾಸನೆ. ಹೋಟೆಲಿನ ಕ್ರಮವೇ ಹಾಗಿರಬೇಕು ಎಂದು ತಿಂದು ಬಂದೆವು.

ಎರಡನೆಯ ದಿನ ಅಕ್ಕ ನಮಗಿಂತ ಮೊದಲೇ ಹೊರಟವಳು ಲಿಫ್ಟಿನಲ್ಲಿ ತಪ್ಪು ಗುಂಡಿ ಒತ್ತಿ ಮೇಲಿನ ಮಾಳಿಗೆಗೆ ಹೋದಳು. ಅಲ್ಲಿ ಗಾಜಿನ ಬಾಗಿಲು, ಹೂವು, ಹಣ್ಣುಗಳ ರಾಶಿ, ಉದ್ದ ಟೊಪ್ಪಿಯವನೊಬ್ಬ ಬಿಸಿಬಿಸಿ ದೋಸೆಯಂಥದ್ದು ಹುಯ್ದು ಕೊಡುತ್ತಿದ್ದನಂತೆ. ಇದೇ ನಮ್ಮದು ಎಂದುಕೊಂಡು ಅಕ್ಕ ತಟ್ಟೆ ತೆಗೆದುಕೊಂಡು ನಿಂತಳು. ಬಾಗಿಲ ಬಳಿಯ ಹುಡುಗಿ ಬಂದು ರೂಮಿನ ನಂಬರು ಕೇಳಿದಳು. ಪಟ್ಟಿ ನೋಡಿದಳು. "ಗ್ರೂಪ್. ಡೌನ್" ಎಂದು ಹೇಳಿ ಅಕ್ಕನ ಕೈಯಿಂದ ತಟ್ಟೆಯನ್ನು ತೆಗೆದುಕೊಂಡಳು.

ನಮ್ಮಲ್ಲಿ ಎಂಥ ಜಗಳವಿದ್ದರೂ ಎಲೆಯಿಂದ ಎಬ್ಬಿಸುವುದಿಲ್ಲ. ಶತ್ರುವಾದರೂ ಎಲೆಯ ಮುಂದೆ ಕೂತ ಮೇಲೆ ಅವನು ಉಂಡೇ ಏಳಬೇಕು. ಅಕ್ಕ ರೂಮಿಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತಳು. ಅಳಲಿಲ್ಲ. "ಈ ಕಟ್ಟಡದಲ್ಲಿ ನಾನು ಒಂದು ತೊಟ್ಟು ನೀರೂ ಕುಡಿಯುವುದಿಲ್ಲ. ನೀವೆಲ್ಲ ಸುತ್ತಾಡಿ ಬನ್ನಿ. ನನ್ನನ್ನು ಮೊದಲ ವಿಮಾನಕ್ಕೆ ಊರಿಗೆ ಕಳಿಸು" ಎಂದಳು. ಹೊರಗೆ ಹೋದರೆ ಹೀಗೇ ಎಂದು ಅವಳಿಗೆ ಮೊದಲಿನಿಂದಲೂ ಒಂದು ಹೆದರಿಕೆ. ಈಗ ಊರಿಗೆ ಹೋದರೆ ಇನ್ನು ಮನೆಯ ಹೊಸ್ತಿಲು ದಾಟಿಸುವುದು ನನ್ನಿಂದ ಆಗದ ಮಾತು ಎಂದು ನನಗೆ ಗೊತ್ತಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಟೂರಿನ ಮ್ಯಾನೇಜರನ್ನು ಹಿಡಿದೆ. ಗ್ರೂಪಿನವರಿಗೆಲ್ಲ ಕೆಳಗೇ ಸರ್, ಹೋಟೆಲಿನ ಕ್ರಮ ಎಂದರು. ಆದರೆ ಮಾಸ್ಟ್ರು ಅಷ್ಟು ಹೊತ್ತಿಗೆ ಮೇಲಿನ ಮಾಳಿಗೆಗೆ ಹೋಗಿ ಗಾಜಿನ ಹೊರಗಿನಿಂದ ನೋಡಿಕೊಂಡು ಬಂದಿದ್ದರು. "ಕ್ರಮ ಅಲ್ಲ ಮಾಸ್ಟ್ರೇ. ಅಲ್ಲಿ ಬಿಳಿಯರ ಒಂದು ಗ್ರೂಪು ಉಂಟು. ನಮ್ಮ ಹಾಗೆಯೇ ಕೊರಳಿಗೆ ಗುರುತಿನ ಪಟ್ಟಿ. ನಮ್ಮದು ಹಸಿರು, ಅವರದ್ದು ನೀಲಿ. ಅವರು ಮೇಲೆ ತಿನ್ನುತ್ತಿದ್ದಾರೆ. ಇದು ಪಂಕ್ತಿಭೇದ" ಎಂದರು. ನಾನು ಅವತ್ತು ಊರು ನೋಡಲು ಹೋಗದೆ ರೂಮಿನಲ್ಲಿ ಕೂತು ಮೂರು ಪುಟ ಇಂಗ್ಲಿಷಿನಲ್ಲಿ ದೂರು ಬರೆದೆ. ಮಾನವೀಯತೆ, ಸಮಾನತೆ, ಪೂರ್ವ ಪಶ್ಚಿಮ, ಎಲ್ಲ ಬಂದವು. ಮಾಸ್ಟ್ರು ನನ್ನ ಬಾಯಿಂದ ಅರ್ಥ ಕೇಳಿ, ಮಡಿಸಿ ಕಿಸೆಯಲ್ಲಿ ಇಟ್ಟುಕೊಂಡರು. "ಚಂದ ಉಂಟು. ಕೊಡುವ. ಮೊದಲು ಅಕ್ಕ ಉಣ್ಣಲಿ. ಎಲೆಯ ಎದುರು ಕೋರ್ಟು ಮಾಡಬಾರದು."

ಸಂಜೆ ಅವರು ಅಕ್ಕನ ರೂಮಿಗೆ ಬಂದು ಕುರ್ಚಿ ಎಳೆದು ಕೂತರು. ನಾನೂ ಇದ್ದೆ. ಅಕ್ಕ ಬೆಳಗ್ಗಿನಿಂದ ಅವಲಕ್ಕಿಯಲ್ಲೇ ಇದ್ದಳು, ನೀರು ನಾನು ಹೊರಗಿನ ಅಂಗಡಿಯಿಂದ ತಂದದ್ದು.

"ನಾನೂ ಒಮ್ಮೆ ಹೀಗೆ ಎಲೆ ಬಿಟ್ಟು ಎದ್ದಿದ್ದೆ ಅಕ್ಕ, ಚಿಕ್ಕವನಿರುವಾಗ" ಎಂದರು ಮಾಸ್ಟ್ರು. "ಹಸಿವಾದದ್ದು ನನಗೇ. ಬಡಿಸಿದವನಿಗೆ ಆಗಲಿಲ್ಲ. ಆಮೇಲೆ ಬುದ್ಧಿ ಬಂತು. ಎಲೆ ಬಿಟ್ಟು ಏಳಬಾರದು, ಸೌಟು ನಾವೇ ಹಿಡಿಯಬೇಕು."

"ಯಾರ ಮನೆಯಲ್ಲಿ ಮಾಸ್ಟ್ರೇ?" ಎಂದಳು ಅಕ್ಕ.

"ಯಾವುದೋ ಮನೆ. ಮರೆತುಹೋಯಿತು."

ಇಪ್ಪತ್ತು ವರ್ಷದ ಹಿಂದಿನ ಉಪ್ಪು ಮರೆಯದವರು ಇದನ್ನು ಹೇಗೆ ಮರೆತರು ಎಂದು ನನಗೆ ಆಗ ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ನಾಲ್ಕನೆಯ ಪುಟ ಓಡುತ್ತಿತ್ತು.

ಮರುದಿನ ಬೆಳಗ್ಗೆ ಏಳು ಗಂಟೆಗೆ ಮಾಸ್ಟ್ರು ನನ್ನನ್ನು ಕರೆದುಕೊಂಡು ಮೇಲಿನ ಮಾಳಿಗೆಗೆ ಹೋದರು. ಗಾಜಿನ ಬಾಗಿಲ ಮುಂದೆ ನಿಂತು, ಬೈರಾಸು ತೆಗೆದು, ಸೊಂಟಕ್ಕೆ ಬಿಗಿದರು. ಅದನ್ನು ಕಂಡದ್ದೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹುಡುಗಿ ಬಂದು, "ಗ್ರೂಪ್? ಡೌನ್" ಎಂದಳು.

"ಎಸ್, ಎಸ್. ನೋ ಈಟಿಂಗ್ ಮೇಡಂ. ಓನ್ಲಿ ಬಡಿಸಿಂಗ್" ಎಂದು ಹೇಳಿ ಮಾಸ್ಟ್ರು ಒಳಗೆ ಹೋಗಿಯೇ ಬಿಟ್ಟರು.

ಅವಳಿಗೆ ಏನು ಅರ್ಥವಾಯಿತೋ, ಹೊಸ ಕೆಲಸದವರು ಎಂದುಕೊಂಡಳೋ, ತಡೆಯಲಿಲ್ಲ. ಮಾಸ್ಟ್ರು ಪಪ್ಪಾಯಿ ಹೋಳಿನ ದೊಡ್ಡ ತಟ್ಟೆಯನ್ನು ಎಡಗೈಯಲ್ಲಿ ಎತ್ತಿದರು. ಹಾಲಿನ ಉದ್ದಕ್ಕೂ ಒಂದು ನೋಟ ಬೀರಿದರು. ಎಷ್ಟು ಎಲೆ ಎಂದು ಲೆಕ್ಕ ಹಾಕಿದರು. ಆಮೇಲೆ ನೇರವಾಗಿ ಕಡೆಯ ಮೇಜಿಗೆ ನಡೆದರು. ಅಲ್ಲಿ ಕೋಲು ಹಿಡಿದ ಒಬ್ಬ ಬಿಳಿ ಅಜ್ಜಿ ಖಾಲಿ ತಟ್ಟೆ ಇಟ್ಟುಕೊಂಡು ಕೂತಿದ್ದರು. ತಾವೇ ಎದ್ದುಹೋಗಿ ಹಾಕಿಕೊಳ್ಳುವ ಆ ಪದ್ಧತಿಯಲ್ಲಿ, ಏಳಲಾಗದವರು ಯಾರಾದರೂ ಬಂದಾರು ಎಂದು ಕಾಯಬೇಕು. "ಲಿಟಲ್ ಪಪ್ಪಾಯ?" ಎಂದರು ಮಾಸ್ಟ್ರು. ಅಜ್ಜಿ ಮುಖ ಎತ್ತಿ ನಕ್ಕರು. "ಲಿಟಲ್ ಮೋರ್?" ಅಜ್ಜಿ ಬೇಡ ಎಂದು ಕೈ ಅಡ್ಡ ಹಿಡಿದರು. ಹಾಗೆ ಕೈ ಅಡ್ಡ ಹಿಡಿದವರಿಗೆ ಎರಡು ಹೋಳು ಹೆಚ್ಚು ಹಾಕುವುದು ನಮ್ಮ ಕ್ರಮ. ಹಾಕಿದರು.

ಹತ್ತು ನಿಮಿಷದಲ್ಲಿ ಮಾಸ್ಟ್ರು ಎಂಟು ಮೇಜು ಮುಗಿಸಿದರು. ಬಿಳಿಯರು ಪಂಚೆಯನ್ನೂ ಸೀಟಿಯನ್ನೂ ನೋಡಿ ಖುಷಿಯಾಗಿದ್ದರು. ಇಬ್ಬರು ಫೋಟೊ ತೆಗೆದರು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅಷ್ಟರಲ್ಲಿ ಕೋಟು ಹಾಕಿದ ಹೋಟೆಲಿನ ಮ್ಯಾನೇಜರು ಓಡಿ ಬಂದರು. ಸರ್, ನೀವು ನಮ್ಮ ಗೆಸ್ಟ್, ಗೆಸ್ಟ್ ಬಡಿಸಬಾರದು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು.

"ನಾನು ಗೆಸ್ಟಾ?" ಎಂದು ಮಾಸ್ಟ್ರು ನನ್ನ ಕಡೆ ತಿರುಗಿದರು. "ಮಾಸ್ಟ್ರೇ, ಇವರಿಗೆ ಸರಿಯಾಗಿ ಹೇಳಿ. ನಾನು ಗೆಸ್ಟ್ ಹೌದಾದರೆ ನಮಗೆ ಇಲ್ಲೇ ಬಡಿಸಲಿ. ಗೆಸ್ಟ್ ಅಲ್ಲದಿದ್ದರೆ ನನ್ನನ್ನು ಬಡಿಸಲು ಬಿಡಲಿ. ಎರಡರಲ್ಲಿ ಒಂದು."

ಅನುವಾದ ಮಾಡಿದೆ. ಅಷ್ಟು ವರ್ಷ ಪ್ರಮೇಯಗಳನ್ನು ಕಲಿಸಿದ್ದೇನೆ, ಇಷ್ಟು ಚಿಕ್ಕದಾದ, ಇಷ್ಟು ಗಟ್ಟಿಯಾದ ಪ್ರಮೇಯವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮ್ಯಾನೇಜರು, ಇಂಡಿಯಾದ ಗ್ರೂಪಿನವರು ಒಟ್ಟಿಗೆ ಉಣ್ಣಲು ಇಷ್ಟಪಡುತ್ತಾರೆ, ಅದಕ್ಕೇ ಬೇರೆ ಹಾಲ್ ಎಂದರು.

"ಒಟ್ಟಿಗೆ ಉಣ್ಣಲು ಇಷ್ಟ ಹೌದು. ಇವರೂ ಬರಲಿ, ಒಟ್ಟಿಗೇ ಉಣ್ಣುವ" ಎಂದು ಮಾಸ್ಟ್ರು ಪಪ್ಪಾಯಿ ತಟ್ಟೆಯನ್ನು ಇಡೀ ಹಾಲಿಗೆ ತೋರಿಸಿದರು.

ನಾನು ಅಜ್ಜಿಯ ಕೊರಳಿನ ನೀಲಿ ಪಟ್ಟಿಯ ಕಡೆ ಕೈ ತೋರಿಸಿ, ಇವರೂ ಗ್ರೂಪಲ್ಲವೇ ಎಂದೆ. ಮ್ಯಾನೇಜರು ಉತ್ತರಿಸುವ ಮೊದಲೇ ಅಜ್ಜಿ, ಹೌದು ನಾವು ಮೂವತ್ತು ಜನ ಬಂದಿದ್ದೇವೆ ಎಂದರು. ಮತ್ತೆ ಮ್ಯಾನೇಜರಿಗೆ, ಮೂರು ದಿನದಲ್ಲಿ ನನಗೆ ಏನು ಬೇಕು ಎಂದು ಕೇಳಿದವರು ಇವರೊಬ್ಬರೇ ಎಂದೂ ಹೇಳಿದರು. ಮ್ಯಾನೇಜರ ಮುಖ ಕೆಂಪಾಯಿತು. ಕೆಟ್ಟ ಮನುಷ್ಯನೇನಲ್ಲ. ಯಾರೋ ಮಾಡಿಟ್ಟ ಪಟ್ಟಿಯನ್ನು ಯೋಚಿಸದೆ ನಡೆಸಿಕೊಂಡು ಬಂದವರು. ನಾಳೆಯಿಂದ ನಿಮಗೂ ಇಲ್ಲೇ ಎಂದರು.

"ನಾಳೆ ಅಲ್ಲ. ಇವತ್ತು ಒಂದು ಎಲೆ ಬಾಕಿ ಉಂಟು" ಎಂದರು ಮಾಸ್ಟ್ರು.

ಹಾಗೆ ಮ್ಯಾನೇಜರನ್ನು ಕರೆದುಕೊಂಡೇ ಅಕ್ಕನ ರೂಮಿಗೆ ಹೊರಟರು. ಲಿಫ್ಟಿನಲ್ಲಿ ಅವರಿಗೆ ಒಂದು ಪಾಠವೂ ಆಯಿತು. ಕೈ ಹೀಗೆ ಕಟ್ಟಬೇಕು, ತಲೆ ಇಷ್ಟು ಬಗ್ಗಿಸಬೇಕು, ಹೀಗೆ ಹೇಳಬೇಕು. ಪಿ.ಟಿ. ಮಾಸ್ಟ್ರ ಡ್ರಿಲ್ಲಿಗೆ ಸಿಕ್ಕಿದ ಮೇಲೆ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಅಕ್ಕ ಬಾಗಿಲು ತೆರೆದಾಗ ಕೋಟಿನ ಮನುಷ್ಯ ಹೊಟ್ಟೆಯ ಮುಂದೆ ಕೈಕಟ್ಟಿ, ತಲೆ ಬಗ್ಗಿಸಿ, ಮೊದಲು ಸಾರಿ ಎಂದರು, ಆಮೇಲೆ ಒಂದೊಂದೇ ಅಕ್ಷರ ಹುಡುಕಿ, "ಸಾವ್‌ಕಾಶ್ ಅಗ್ಲಿ" ಎಂದರು.

ಅಕ್ಕ ಒಂದು ಕ್ಷಣ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗಲು ಶುರು ಮಾಡಿದಳು. ಭಾವ ತೀರಿಕೊಂಡ ಮೇಲೆ ಅವಳು ಹಾಗೆ ಮೈ ಕುಲುಕಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಕಣ್ಣು ತುಂಬಿತು, ಅದನ್ನು ಇಲ್ಲಿ ಹೇಳಲು ಸಂಕೋಚವಿಲ್ಲ. ತಿಂಡಿ ರೂಮಿಗೇ ತರಿಸುತ್ತೇನೆ ಎಂದರು ಮ್ಯಾನೇಜರು. ಅಕ್ಕ ಬೇಡ ಎಂದಳು. "ತಟ್ಟೆ ಎಲ್ಲಿ ತೆಗೆದರೋ ಅಲ್ಲೇ ಉಣ್ಣುತ್ತೇನೆ" ಎಂದು ಹೊಸ ಸೀರೆ ಉಟ್ಟು ಹೊರಟಳು. ನಾವು ಇಪ್ಪತ್ತೆರಡು ಜನರೂ ಮೇಲೆ ಹೋದೆವು. ಆ ಹುಡುಗಿಯೇ ಅಕ್ಕನ ಕೈಗೆ ತಟ್ಟೆ ಕೊಟ್ಟಳು. ಮಾಸ್ಟ್ರು ಕೊನೆಯವರು ಕೂತ ಮೇಲೆ ಬೈರಾಸು ಬಿಚ್ಚಿದರು.

ನಾವಿದ್ದಷ್ಟು ದಿನವೂ ಬೆಳಗ್ಗೆ ಗಾಜಿನ ಬಾಗಿಲಲ್ಲಿ ಆ ಹುಡುಗಿ ನಮ್ಮ ಪ್ರತಿಯೊಬ್ಬರಿಗೂ ಸಾವ್‌ಕಾಶ್ ಅಗ್ಲಿ ಎಂದಳು. ಹೊರಡುವ ದಿನ ಅಕ್ಕ ಅವಳಿಗೆ ಉಳಿದ ಅವಲಕ್ಕಿಯ ಡಬ್ಬಿಯನ್ನೇ ಕೊಟ್ಟಳು. "ಪಾಪ, ಅವಳಿಗೂ ಯಾರೋ ಹೇಳಿಕೊಟ್ಟದ್ದು" ಎಂದಳು. ನನ್ನ ಮೂರು ಪುಟದ ದೂರು ಮಾಸ್ಟ್ರ ಕಿಸೆಯಲ್ಲೇ ಉಳಿಯಿತು.

ವಿಮಾನದಲ್ಲಿ ಮಾಸ್ಟ್ರು ಸಪ್ಪಗಿದ್ದರು. "ನಾಳೆ ಬರುವ ಗ್ರೂಪಿನ ಗತಿ ಎಂತ ಮಾಸ್ಟ್ರೇ? ಅವರನ್ನು ಪುನಃ ಕೆಳಗೆ ಕಳಿಸುತ್ತಾರೆ, ನೋಡಿ." ನನಗೂ ಹಾ‌ಗೇ ಅನ್ನಿಸಿತ್ತು. ಒಂದು ಹೋಟೆಲನ್ನು ತಿದ್ದಿ ಬಂದೆವು ಎಂಬ ಭ್ರಮೆ ನನಗಿಲ್ಲ. ಆಮೇಲೆ ಅವರು ದನಿ ತಗ್ಗಿಸಿ, ನೆಲಮಾಳಿಗೆಗೆ ಹೋಗಿ ಆ ‘ಗ್ರೂಪ್’ ಕಾಗದದ ಅಡಿಯಲ್ಲಿ ಪೆನ್ನಿನಿಂದ, ಮೇಲೆ ಹೋಗಿ ಕೇಳಿ, ಕೊಡುತ್ತಾರೆ ಎಂದು ಬರೆದು ಬಂದದ್ದನ್ನು ಹೇಳಿದರು.

"ಯಾವ ಭಾಷೆಯಲ್ಲಿ?"

"ಕನ್ನಡದಲ್ಲಿ. ನನಗೆ ಬೇರೆ ಯಾವುದು ಬರುತ್ತದೆ? ನಮ್ಮವರು ಒಬ್ಬರಾದರೂ ಬಂದಾರು."

ಆ ಪ್ರವಾಸದ ಮೇಲೆ ಅಕ್ಕ ಮನೆಯಲ್ಲಿ ಕೂರಲಿಲ್ಲ. ಕಾಶಿಗೆ ಹೋದಳು, ಕನ್ಯಾಕುಮಾರಿಗೆ ಹೋದಳು. ಎಲ್ಲಿ ತಿಂಡಿ ಸರಿ ಇಲ್ಲದಿದ್ದರೂ, "ನಮ್ಮ ಮಾಸ್ಟ್ರನ್ನು ಕರೆಸಬೇಕಾ?" ಎಂದು ಹೋಟೆಲಿನವರನ್ನು ಹೆದರಿಸುತ್ತಿದ್ದಳಂತೆ.

ಮಾಸ್ಟ್ರು ಆಮೇಲೆ ಐದಾರು ವರ್ಷ ಇದ್ದರು. ಒಂದು ಮದುವೆಯಲ್ಲಿ ಸುಧಾರಿಕೆ ಮುಗಿಸಿ, ಕೈತೊಳೆದು, ಎಲೆಯ ಮುಂದೆ ಕೂರುವ ಮೊದಲು ಎದೆ ಹಿಡಿದುಕೊಂಡರು. ಅವತ್ತು ಅವರು ಉಣ್ಣಲಿಲ್ಲ ಎಂಬುದು ನನಗೆ ಈಗಲೂ ಸಂಕಟ.

ಹದಿಮೂರನೆಯ ದಿನದ ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟಕ್ಕೆ ಬೆಳ್ತಂಗಡಿ ಕಡೆಯ ಅವರ ಮನೆಗೆ ಅಕ್ಕನೂ ನಾನೂ ಬೇಗನೆ ಹೋದೆವು. ಸುಧಾರಿಕೆ ನೀವೇ ನೋಡಿಕೊಳ್ಳಿ ಎಂದು ಅವರ ಹೆಂಡತಿ ಒಂದು ಒಗೆದ ಬೈರಾಸನ್ನು ನನ್ನ ಕೈಗೆ ಕೊಟ್ಟರು. ನಾನು ಸುಮ್ಮನಿರಲಾರದೆ, "ಈ ಪಾಯಸ ಕಡೆಯಿಂದ ಬಡಿಸುವ ಕ್ರಮವನ್ನು ಅವರು ಎಲ್ಲಿ ಕಲಿತದ್ದು?" ಎಂದು ಕೇಳಿದೆ.

ಅವರು ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು. "ನಿಮಗೆ ಹೇಳಬಾರದು ಎಂದಿದ್ದರು. ಈಗ ಹೇಳ್ತೇನೆ. ನಿಮ್ಮ ಮನೆಯಲ್ಲಿ. ನಿಮ್ಮ ಸೋದರತ್ತೆಯ ಮದುವೆಗೆ ಇವರ ಅಪ್ಪ ಚಪ್ಪರ ಹಾಕಲು ಬಂದದ್ದು. ಇವರಿಗೆ ಆಗ ಒಂಬತ್ತು ವರ್ಷ. ಚಪ್ಪರದವರಿಗೆಲ್ಲ ಹಟ್ಟಿಯ ಬದಿಯಲ್ಲಿ ಎಲೆ ಹಾಕಿದ್ದು. ಇವರು ಪಾಯಸ ಪಾಯಸ ಎಂದು ಕಾದು ಕೂತಿದ್ದರಂತೆ. ಅಲ್ಲಿಗೆ ಬರುವಾಗ ಬಾಲ್ದಿ ಖಾಲಿ. ಬಡಿಸುವವರು ಬಗ್ಗಿಸಿ ತೋರಿಸಿ ನಕ್ಕರಂತೆ. ಇವರು ಎಲೆ ಬಿಟ್ಟು ಎದ್ದರು. ಧಣಿಗಳ ಮನೆಯಲ್ಲಿ ಎಲೆ ಬಿಟ್ಟದ್ದಕ್ಕೆ ದಾರಿ ಉದ್ದಕ್ಕೂ ಅಪ್ಪನಿಂದ ಪೆಟ್ಟು."

ಬೈರಾಸು ನನ್ನ ಕೈಯಲ್ಲೇ ಇತ್ತು. ಸಿಂಗಾಪುರದ ಹೋಟೆಲಿನ ಮೇಲೆ ಮೂರು ಪುಟ ಬರೆದವನು ನಾನು. ಗಂಜಳದ ವಾಸನೆ ಎಂದು ನಾಲ್ಕು ಜನರ ಮುಂದೆ ತಮಾಷೆ ಮಾಡಿದವನೂ ನಾನೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಕ್ಕ ಹೊರಗೆ ಹೋದಳು.

ಊಟಕ್ಕೆ ಎಲೆ ಹಾಕಿದೆವು. ಮನೆಯ ಒಳಗೆ ಒಂದು ಸಾಲು, ಅಂಗಳದ ಚಪ್ಪರದಲ್ಲಿ ಎರಡು. ಅನ್ನ ಸಾರು ಆಯಿತು, ಪಲ್ಯ ಎರಡನೆಯ ಸುತ್ತು ಆಯಿತು. ಪಾಯಸದ ತುಂಬಿದ ಬಾಲ್ದಿ ಹಿಡಿದು ನಾನು ಎಲ್ಲರನ್ನೂ ದಾಟಿ, ಅಂಗಳದ ತುದಿಗೆ, ಕೈತೊಳೆಯುವ ನೀರಿನ ಡ್ರಮ್ಮಿನ ಪಕ್ಕದ ಕಡೆಯ ಎಲೆಗೆ ಹೋದೆ. ಅಲ್ಲಿ ಅಕ್ಕ ಕೂತಿದ್ದಳು. ಒಂದು ಬದಿಯಲ್ಲಿ ಚಪ್ಪರದವರು, ಎದುರಿಗೆ ಜೀಪಿನ ಡ್ರೈವರು. ಅವಳ ಮೇಲೆ ನೇರ ಬಿಸಿಲು ಬೀಳುತ್ತಿತ್ತು.

"ಒಳಗೆ ಫ್ಯಾನ್ ಉಂಟು ಅಕ್ಕ, ಅಲ್ಲಿ ಕೂತ್ಕೋ" ಎಂದೆ.

ಅಕ್ಕ ತಲೆ ಎತ್ತಲಿಲ್ಲ. ಎಲೆಯಲ್ಲಿ ಪಾಯಸಕ್ಕೆ ಜಾಗ ಮಾಡಿದಳು.

"ಇಲ್ಲಿ ಗಾಳಿ ಉಂಟು. ನೀನು ಬಡಿಸು."